ಹಾವು ಕಡಿದವರನ್ನು ಆಸ್ಪತ್ರೆ ಮುಟ್ಟಿಸುವ ಮರ್ದಾನಸಾಬ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕಪ್ಪತಗುಡ್ಡದ ಬುಡದಲ್ಲಿರುವ ಎರಿಹಾಳದಲ್ಲಿ, ಪಿಂಜಾರ ಓಣಿಯ ಕೊನೆಯ ಮನೆಯ ಅಂಗಳದಲ್ಲಿ ಮರ್ದಾನಸಾಬ ನದಾಫ ಹಳೆಯ ಗಾದಿಯೊಂದರ ಹೊಲಿಗೆ ಬಿಚ್ಚುತ್ತಿದ್ದಾರೆ. ಒಳಗಿನ ಹತ್ತಿ ಗಂಟುಗಟ್ಟಿ ಕಲ್ಲಿನಂತಾಗಿದೆ. ಅದನ್ನು ಹಿಂಜಿ, ಬಿಸಿಲಿಗೆ ಹರವಿ, ಸಂಜೆಯೊಳಗೆ ಮತ್ತೆ ತುಂಬಿ ಕೊಡಬೇಕು. ಮಳೆಗಾಲದಲ್ಲಿ ಬಿಸಿಲು ನಂಬುವ ಹಾಗಿಲ್ಲ, ಅದಕ್ಕೇ ಇಷ್ಟು ಬೇಗ ಕೂತಿದ್ದಾರೆ. ನಾನು ಬಂದಿರುವುದು ಅವರ ಇನ್ನೊಂದು ಕೆಲಸದ ಬಗ್ಗೆ ಕೇಳಿ ಪತ್ರಿಕೆಗೆ ಬರೆಯಲು. ಮುಂಡರಗಿಗೂ ಶಿರಹಟ್ಟಿಗೂ ನಡುವಿನ ಈ ಹಳ್ಳಿಗಳಲ್ಲಿ ಹಾವು ಕಡಿದವರನ್ನು ಮೊದಲು ಕರೆತರುವುದು ಇವರ ಬಾಗಿಲಿಗೆ. ನಾನು ಕೇಳಲು ಬಾಯಿ ತೆರೆಯುವ ಮೊದಲೇ ಓಣಿಯ ತಿರುವಿನಲ್ಲಿ ಜನ ಕಾಣಿಸುತ್ತಾರೆ.

ಮುಂದೆ ಹೊನ್ನೇಶ, ಅವನ ತೋಳು ಹಿಡಿದು ಹೆಂಡತಿ ಚನ್ನಮ್ಮ. ಆಕೆ ತನ್ನ ಕಾಲ ಮೇಲೇ ನಡೆದು ಬರುತ್ತಿದ್ದಾಳೆ. ಇನ್ನೊಂದು ಕೈ ಹೊಟ್ಟೆಯ ಮೇಲಿದೆ.

“ಕಾಕಾ, ಹಾಸಿಗ್ಯಾಗ ಹಾವು ಸಿಕ್ಕೈತ್ರಿ. ಬಡದ್ವಿ. ಈಕಿಗೆ ನಸುಕಿನಿಂದ ಹೊಟ್ಟಿ ಕಡ್ಯಾಕ ಹತ್ತೈತಿ. ಕಡದೈತೋ ಇಲ್ಲೋ ತಿಳಿವಲ್ದು,” ಎನ್ನುತ್ತಾನೆ ಹೊನ್ನೇಶ.

“ಎಂಥಾದು?”

“ಕರೀದು. ಮೈಮ್ಯಾಲ ಸಣ್ಣ ಬಿಳಿ ಪಟ್ಟಿ.”

ಮರ್ದಾನಸಾಬರು ಕೈಯಲ್ಲಿದ್ದ ದಬ್ಬಣವನ್ನು ಗಾದಿಗೆ ಚುಚ್ಚಿ ಎದ್ದು ನಿಲ್ಲುತ್ತಾರೆ. ಅದು ಕಟ್ಟಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಡಿದು ಹೋಗುತ್ತದೆ. ಊತವಿಲ್ಲ, ರಕ್ತವಿಲ್ಲ, ಹಲ್ಲಿನ ಗುರುತೂ ಎಷ್ಟೋ ಸಲ ಕಾಣುವುದಿಲ್ಲ. ಮೊದಲು ಹೊಟ್ಟೆನೋವು, ಆಮೇಲೆ ರೆಪ್ಪೆ ಭಾರ, ಆಮೇಲೆ ನಾಲಿಗೆ, ಕೊನೆಗೆ ಉಸಿರು. ಮನೆಯವರಿಗೆ ಎಲ್ಲವೂ ಅಜೀರ್ಣದ ಹಾಗೆ ಕಾಣುತ್ತದೆ.

“ತಂಗಿ, ತಲಿ ಹಂಗ ಇರ್ಲಿ. ಕಣ್ಣಷ್ಟ ಮ್ಯಾಲ ಮಾಡಿ ಆ ಗಿಡದ ತುದಿ ನೋಡು,” ಎನ್ನುತ್ತಾರೆ. ಚನ್ನಮ್ಮ ನೋಡುತ್ತಾಳೆ. ರೆಪ್ಪೆಗಳು ಅರ್ಧಕ್ಕೇ ನಿಲ್ಲುತ್ತವೆ. “ನಿದ್ದಿ ಬಂದಂಗ ಆಗೇತ್ರಿ, ಮತ್ತೇನಿಲ್ಲ,” ಎನ್ನುತ್ತಾಳೆ.

ಅಷ್ಟರಲ್ಲಿ ಹೊನ್ನೇಶನ ತಂದೆ ಈಶಪ್ಪ ಹಿಂದಿನಿಂದ ಬರುತ್ತಾರೆ. ಎಪ್ಪತ್ತು ದಾಟಿದ ಹಿರಿಯರು, ಊರಿನ ಪಂಚರಲ್ಲಿ ಒಬ್ಬರು. ಕೈಯಲ್ಲಿ ಬೇವಿನ ಟೊಂಗೆ.

“ಮರ್ದಾನ, ಹೆದರೂದೇನಿಲ್ಲ. ಬೇವಿನ ಎಲಿ ತಿನಿಸೀನಿ. ಕಹಿ ಹತ್ತೈತಂತ. ಕಹಿ ಹತ್ತಿದ್ರ ವಿಷ ಏರಿಲ್ಲ ಅಂತ ನಿಮ್ಮಪ್ಪನ ಹೇಳ್ತಿದ್ದ. ನೀ ಎರಡು ಮಾತು ಮಂತ್ರ ಹಾಕು, ಮನಿಗೆ ಕರ್ಕೊಂಡು ಹೊಕ್ಕೀವಿ.”

ಅಂಗಳದಲ್ಲಿ ಈಗ ಹತ್ತಾರು ಜನ ಸೇರಿದ್ದಾರೆ. ಎಲ್ಲರೂ ಮರ್ದಾನಸಾಬರ ಮುಖ ನೋಡುತ್ತಿದ್ದಾರೆ. ಇವರ ತಂದೆ ಹುಸೇನಸಾಬ ಐವತ್ತು ವರ್ಷ ಇದೇ ಅಂಗಳದಲ್ಲಿ ಹಾವಿನ ಮಂತ್ರ ಹಾಕಿದವರು. ಬೇವಿನ ಪರೀಕ್ಷೆಯನ್ನು ಈ ಸುತ್ತಿನ ಊರುಗಳಿಗೆ ಕಲಿಸಿದವರು ಅವರೇ. ಆ ಕಾಲಕ್ಕೆ ಗದಗ ಬೇರೆ ಜಿಲ್ಲೆಯಾಗಿರಲಿಲ್ಲ. ದೊಡ್ಡ ಆಸ್ಪತ್ರೆ ಅಂದರೆ ಹುಬ್ಬಳ್ಳಿ. ಮಳೆ ಬಂದರೆ ಹಳ್ಳ ದಾಟಿ ಮುಂಡರಗಿಯ ಬಸ್ಸು ಹಿಡಿಯುವುದೇ ಅರ್ಧ ದಿನದ ಕೆಲಸ. ಜನ ಬೇರೆಲ್ಲಿಗೆ ಹೋಗಬೇಕಿತ್ತು?

“ಹೌದು ಈಶಪ್ಪ ಕಾಕಾ, ನಮ್ಮಪ್ಪ ಹೇಳಿದ್ದ,” ಎನ್ನುತ್ತಾರೆ ಮರ್ದಾನಸಾಬ. “ನಮ್ಮಪ್ಪಗ ಗೊತ್ತಿರ್ಲಿಲ್ಲ. ಈ ಹಾವಿನ ವಿಷ ಬೇವಿನಾಗ ತಿಳಿಯೂದಿಲ್ಲ.”

ಯಾರೋ ಒಬ್ಬರು ಉಸಿರೆಳೆದುಕೊಂಡದ್ದು ಕೇಳಿಸುತ್ತದೆ. ತಂದೆಯ ಮಾತನ್ನು ತಂದೆಯ ಅಂಗಳದಲ್ಲೇ ನಿಂತು ಅಲ್ಲಗಳೆಯುವುದು ಇಲ್ಲಿ ಸಣ್ಣ ಸಂಗತಿಯಲ್ಲ. ಈಶಪ್ಪನವರ ದನಿ ಗಡುಸಾಗುತ್ತದೆ. “ಹಂಗಾರ ನೀ ಮಂತ್ರ ಹಾಕೂದಿಲ್ಲ?”

“ಹಾಕ್ತೀನಿ. ದವಾಖಾನಿಗೆ ಹೋಗೂ ಗಾಡ್ಯಾಗ ಕುಂತು ಹಾಕ್ತೀನಿ. ಮಂತ್ರಕ್ಕ ಅಂಗಳನ ಬೇಕಂತ ಎಲ್ಲೂ ಇಲ್ಲ. ನೀವೂ ಬರ್ರಿ. ನೀವು ಬರದಿದ್ರ ಈಕಿ ಹೆದರ್ತಾಳ.”

ಈಶಪ್ಪ ಸೊಸೆಯನ್ನು ನೋಡುತ್ತಾರೆ. ಆಕೆ ಕಟ್ಟೆಗೆ ಒರಗಿದ್ದಾಳೆ, ಗದ್ದ ಎದೆಗೆ ತಾಗುತ್ತಿದೆ. “ದಾರ್ಯಾಗ ಏನರ ಆದ್ರ ಜವಾಬ್ದಾರಿ ನಿಂದು,” ಎನ್ನುತ್ತಾರೆ.

“ನಂದು,” ಎನ್ನುತ್ತಾರೆ ಮರ್ದಾನಸಾಬ.

ಅಷ್ಟು ಹೊತ್ತಿಗೆ ಅವರ ಹೆಂಡತಿ ರಸೂಲಬಿ ೧೦೮ಕ್ಕೆ ಫೋನು ಹಚ್ಚಿ ಆಗಿದೆ. ಆಂಬುಲೆನ್ಸು ಬೇರೊಂದು ಊರಿನಿಂದ ಹೊರಡಬೇಕು, ಹಳ್ಳದ ಆಚೆ ಕೂಡು ರಸ್ತೆಯಲ್ಲಿ ಸಿಗುತ್ತದೆ ಎಂಬ ಉತ್ತರ. ಕಾಯುವ ಪ್ರಶ್ನೆಯಿಲ್ಲ. ಮಳೆಗಾಲದಲ್ಲಿ ಇಲ್ಲಿ ಗಾಡಿ ಇದ್ದವರು ಪಾಳಿ ಹಾಕಿಕೊಂಡಿದ್ದಾರೆ. ಈ ತಿಂಗಳು ಶೇಖಸಾಬರ ಟಂಟಂ ಆಟೊ. ಒಳಗೆ ಗಾದಿ ಹಾಸಿ ಚನ್ನಮ್ಮನನ್ನು ಎಡಮಗ್ಗುಲಾಗಿ ಮಲಗಿಸುತ್ತಾರೆ. ಬಾಯಿಯ ಜೊಲ್ಲು ಗಂಟಲಿಗೆ ಇಳಿಯದಿರಲಿ ಎಂದು. ನೀರು ಕೊಡಲು ಬಂದ ಹೆಂಗಸನ್ನು ಮರ್ದಾನಸಾಬ ಕೈಯಲ್ಲೇ ತಡೆಯುತ್ತಾರೆ. ಈಶಪ್ಪ, ಹೊನ್ನೇಶ, ನಾನು ಹತ್ತಿಕೊಳ್ಳುತ್ತೇವೆ. ಗಾಡಿ ಹೊರಟ ಕೂಡಲೇ ಮರ್ದಾನಸಾಬ ಆಕೆಯ ತಲೆಯ ಬಳಿ ಕೂತು ಸಣ್ಣ ದನಿಯಲ್ಲಿ ಮಂತ್ರ ಶುರುಮಾಡುತ್ತಾರೆ. ಕಣ್ಣು ಮಾತ್ರ ಆಕೆಯ ಎದೆಯ ಏರಿಳಿತದ ಮೇಲಿದೆ.

ಈ ‘ಗಾಡಿಯಲ್ಲಿ ಮಂತ್ರ’ದ ಹಿಂದೆ ಒಂದು ಅಧ್ಯಯನವಿದೆ. ಆರೇಳು ವರ್ಷದ ಹಿಂದೆ ಬೆಟಗೇರಿಯ ಶಾಹಿಸ್ತಾ ಎಂಬ ಸಮಾಜಶಾಸ್ತ್ರದ ವಿದ್ಯಾರ್ಥಿನಿ ಸಂಶೋಧನಾ ತಂಡವೊಂದರ ಜತೆ ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಹಳ್ಳಿಗಳಿಗೆ ಬಂದರು. ಹಾವು ಕಡಿದವರ ಮನೆಗಳಲ್ಲಿ ಕೂತು ಅವರು ಕೇಳಿದ್ದು ಒಂದೇ ಮಾತು: ಕಡಿದ ಮೇಲೆ ಮೊದಲು ಯಾರನ್ನು ಕರೆದಿರಿ, ಯಾಕೆ? ‘ಮಂತ್ರ ಹಾಕುವವರ ಬಳಿ ಹೋಗಬೇಡಿ’ ಎಂದು ಗೋಡೆಗಳ ಮೇಲೆ ಬರೆದು ವರ್ಷಗಳಾಗಿದ್ದವು. ಜನ ಹೋಗುವುದನ್ನು ಬಿಟ್ಟಿರಲಿಲ್ಲ, ಹೇಳುವುದನ್ನು ಬಿಟ್ಟಿದ್ದರು. ಬೈಗುಳಕ್ಕೆ ಹೆದರಿ ಡಾಕ್ಟರ ಮುಂದೆ ಸುಳ್ಳು ಹೇಳುತ್ತಿದ್ದರು.

“ಜನಕ್ಕೆ ತಿಳಿವಳಿಕೆ ಇಲ್ಲ ಅಂತ ನಾವು ಅಂದುಕೊಂಡಿದ್ದೆವು,” ಎಂದು ಶಾಹಿಸ್ತಾ ನನಗೆ ಗದಗದಲ್ಲಿ ಹೇಳಿದ್ದರು. “ಆಸ್ಪತ್ರೆಗೆ ಹೋಗಬೇಕು ಅನ್ನೋದು ಬಹಳ ಮಂದಿಗೆ ಗೊತ್ತಿತ್ತು. ಆದರೆ ಆ ಹೆದರಿಕೆಯಲ್ಲಿ ‘ನಡೀರಿ’ ಅನ್ನೋ ಒಬ್ಬರು ಬೇಕಿತ್ತು. ಆ ಮಾತು ಮರ್ದಾನ ಚಾಚಾ ಅಂದರೆ ನಡೆಯುತ್ತಿತ್ತು, ನಾವು ಅಂದರೆ ನಡೆಯುತ್ತಿರಲಿಲ್ಲ.”

ಹಾಗಾಗಿ ತಂಡ ಮಂತ್ರದವರನ್ನು ದೂರ ಇಡುವ ಬದಲು ಅವರ ಬಾಗಿಲಿಗೇ ಹೋಯಿತು. ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ತಡಮಾಡಬೇಡಿ, ಜತೆಗೆ ಬನ್ನಿ ಎಂದು ಕೇಳಿತು. ಆಸ್ಪತ್ರೆಯ ಸಿಬ್ಬಂದಿಗೂ ಹೇಳಿತು, ಮಂತ್ರದವರ ಜತೆ ಬಂದವರನ್ನು ಬೈಯಬೇಡಿ ಎಂದು. ಎರಡೂ ಕಡೆ ವಿರೋಧ ಬಂತು. ಮೂಢನಂಬಿಕೆಗೆ ಕುರ್ಚಿ ಹಾಕಿಕೊಡುತ್ತಿದ್ದೀರಿ ಎಂದು ಕೆಲವು ವೈದ್ಯರು ಸಿಟ್ಟಾದರು. ಕರೆಸಿದ ಮಂತ್ರದವರಲ್ಲಿ ಅರ್ಧಕ್ಕರ್ಧ ಜನ ಮೊದಲ ಸಭೆಯಲ್ಲೇ ಎದ್ದು ಹೋದರು. ಮರ್ದಾನಸಾಬ ಕೂತರು.

“ಯಾಕ ಕುಂತ್ರಿ?” ಎಂದು ನಾನು ಆಮೇಲೆ ಕೇಳಿದಾಗ ಅವರು ಹೇಳಿದರು: “ಆ ಹುಡುಗಿ ನಮ್ಮಪ್ಪನ್ನ ಸುಳ್ಳ ಅನ್ಲಿಲ್ರಿ. ನಿಮ್ಮಪ್ಪ ಹೆದರಿಕಿ ಇಳಸ್ತಿದ್ರು, ಅದು ಖರೆ, ವಿಷ ಇಳಸಾಕ ಔಷಧ ಬೇಕು ಅಂದ್ಳು. ನನಗೂ ಒಳಗ ಅದ ಅನುಮಾನ ಇತ್ತು. ಮಂತ್ರ ಹಾಕಿದ್ರ ಹೆದರಿಕಿ ಇಳಿತೈತಿ. ವಿಷ ಇಳಿಯೂದಿಲ್ಲ.”

ಅದಕ್ಕೆ ಅವರು ತೆತ್ತ ಬೆಲೆ ಕಡಿಮೆಯದಲ್ಲ. ಮೊದಲ ವರ್ಷ, ಕೊಳಕಮಂಡಲ ಕಡಿದ ಸಕ್ರಪ್ಪ ಎಂಬ ರೈತನನ್ನು ಒಯ್ಯುವಾಗ ಆತ ದಾರಿಯಲ್ಲೇ ತೀರಿಕೊಂಡ. ಮನೆಯವರು ಹೊಲದಲ್ಲೇ ಬಹಳ ಹೊತ್ತು ಕಳೆದು ತಡವಾಗಿ ಕರೆತಂದಿದ್ದರು. ಆದರೆ ಊರಿನ ಬಾಯಲ್ಲಿ ಉಳಿದದ್ದು ‘ಮಂತ್ರ ಹಾಕಲಿಲ್ಲ, ಅದಕ್ಕೇ ಹೋದ’ ಎಂಬ ಮಾತು. ಒಂದು ಹಂಗಾಮು ಪೂರ್ತಿ ಆ ಊರಿನಿಂದ ಗಾದಿ ಹೊಲಿಯಲು ಯಾರೂ ಕರೆಯಲಿಲ್ಲ. “ನಾ ಇವರಿಗೆ, ಬಿಟ್ಟುಬಿಡ್ರಿ ಈ ಉಸಾಬರಿ ಅಂತ ಭಾಳ ಅಂದೀನಿ,” ಎನ್ನುತ್ತಾರೆ ರಸೂಲಬಿ. “ಆದ್ರ ಬಾಗಿಲಿಗೆ ಬಂದು ಅಳಾವರನ್ನ ನಾ ಏನಂತ ಹೊಳ್ಳಿ ಕಳಸ್ಲಿ? ಈಗ ಫೋನು ಹಚ್ಚೂ ಕೆಲಸ ನಂದ ಆಗೇತಿ.” ಮಂತ್ರ ಗಾಡಿ ಹತ್ತಿದ್ದು ಸಕ್ರಪ್ಪನ ಸಾವಿನ ನಂತರ. ಮಂತ್ರವನ್ನು ಕಿತ್ತುಕೊಂಡರೆ ಜನ ಬೇರೆ ಮಂತ್ರದವರ ಕಡೆ ಹೋಗುತ್ತಾರೆ, ಇನ್ನೂ ತಡವಾಗುತ್ತದೆ ಎಂದು ತಂಡಕ್ಕೂ ಇವರಿಗೂ ಒಟ್ಟಿಗೇ ಅರ್ಥವಾದ ಹೊತ್ತು ಅದು.

ಟಂಟಂ ಹಳ್ಳದ ಬಳಿ ಬರುವಾಗ ಚನ್ನಮ್ಮ ಏನೋ ಹೇಳಲು ನೋಡುತ್ತಾಳೆ. ಮಾತು ತೊದಲುತ್ತದೆ. ಹೊನ್ನೇಶ ಬಗ್ಗಿ, “ಏನಂತಿ?” ಎಂದು ಎರಡು ಸಲ ಕೇಳುತ್ತಾನೆ. ಮೂರನೆಯ ಸಲ ಆಕೆ ತುಟಿ ಆಡಿಸುವುದಿಲ್ಲ. ರಸ್ತೆ ಅಗೆದು ಹಾಕಿದ್ದಾರೆ, ಗಾಡಿ ಹೊಯ್ದಾಡುತ್ತದೆ. ಮರ್ದಾನಸಾಬ ಮಂತ್ರ ನಿಲ್ಲಿಸದೆ ಬೆರಳಿನಿಂದ ಆಕೆಯ ಬಾಯಿಯ ಜೊಲ್ಲು ತೆಗೆಯುತ್ತಾರೆ, ಗದ್ದ ಎತ್ತಿ ಹಿಡಿಯುತ್ತಾರೆ. ಈಶಪ್ಪನವರು ಬೇವಿನ ಟೊಂಗೆಯನ್ನು ಯಾವಾಗ ಕೈಬಿಟ್ಟರೋ ಗೊತ್ತಿಲ್ಲ, ಈಗ ಸೊಸೆಯ ಪಾದ ಉಜ್ಜುತ್ತಿದ್ದಾರೆ.

ಕೂಡು ರಸ್ತೆಯಲ್ಲಿ ಆಂಬುಲೆನ್ಸು ಇಲ್ಲ.

ಶೇಖಸಾಬ ಗಾಡಿ ನಿಲ್ಲಿಸುವುದೋ ಮುಂದೆ ಓಡಿಸುವುದೋ ಎಂದು ತಿರುಗಿ ನೋಡುತ್ತಾರೆ. “ನಡಿ, ಎದುರಿಗೆ ಸಿಗ್ತೈತಿ,” ಎನ್ನುತ್ತಾರೆ ಮರ್ದಾನಸಾಬ. ಇನ್ನೆರಡು ತಿರುವು ದಾಟಿದ ಮೇಲೆ ಸೈರನ್ ಕೇಳಿಸುತ್ತದೆ. ಹಾಸಿದ್ದ ಗಾದಿ ಸಮೇತ ಆಕೆಯನ್ನು ಎತ್ತಿ ಬದಲಿಸುತ್ತಾರೆ. ಆಮ್ಲಜನಕ ಹಚ್ಚುತ್ತಾರೆ. ತಾಲ್ಲೂಕಿನ ಆಸ್ಪತ್ರೆಯಲ್ಲಿ ವಿಷಕ್ಕೆ ಪ್ರತಿಯಾದ ಔಷಧ ಏರಿಸಿ, ಉಸಿರಾಟಕ್ಕೆ ಕೊಳವೆ ಹಾಕಿ, ಕೈಯಿಂದ ಒತ್ತುವ ಚೀಲದಲ್ಲಿ ಗಾಳಿ ಕೊಡುತ್ತ ಗದಗಕ್ಕೆ ಒಯ್ಯುತ್ತಾರೆ. ಒಬ್ಬ ನರ್ಸ್ ದಾರಿಯುದ್ದಕ್ಕೂ ಆ ಚೀಲ ಒತ್ತುತ್ತಾರೆ. ಕೈ ಸೋತಾಗ ಬದಲಿಸಿಕೊಳ್ಳುವ ಇನ್ನೊಬ್ಬರ ಮುಖದಲ್ಲಿ ಬೆವರು ಇಳಿಯುತ್ತಿದೆ.

ಗದಗದ ಆಸ್ಪತ್ರೆಯಲ್ಲಿ ಚನ್ನಮ್ಮನನ್ನು ಉಸಿರಾಟದ ಯಂತ್ರಕ್ಕೆ ಜೋಡಿಸುತ್ತಾರೆ. ಇಲ್ಲಿಗೆ ಬಂದರೆ ಮುಗಿಯಿತು ಎಂದು ನಾನು ಅಂದುಕೊಂಡಿದ್ದೆ. ನಿಜವಾದ ಕಷ್ಟ ಶುರುವಾಗುವುದು ಇಲ್ಲೇ ಎಂದು ಮರ್ದಾನಸಾಬರಿಗೆ ಗೊತ್ತು.

ಮಧ್ಯಾಹ್ನ ಈಶಪ್ಪನವರನ್ನೂ ಹೊನ್ನೇಶನನ್ನೂ ಒಳಗೆ ಬಿಡುತ್ತಾರೆ. ಹೊರಗೆ ಬಂದ ಈಶಪ್ಪನವರ ಮುಖ ಬಿಳಿಚಿದೆ. ಚನ್ನಮ್ಮನ ಕಣ್ಣುಗಳು ಮುಚ್ಚಿವೆ, ಕೈ ಎತ್ತಿ ಬಿಟ್ಟರೆ ಬೀಳುತ್ತದೆ, ಚುಚ್ಚಿದರೂ ಮಿಸುಕುವುದಿಲ್ಲ.

“ಹೋಗ್ಯಾಳ,” ಎನ್ನುತ್ತಾರೆ ಮಗನಿಗೆ, ಒಳಗೆ ಅಂದದ್ದನ್ನೇ ಮತ್ತೆ. “ಮಿಷಿನ್ನು ಎದಿ ಎಬ್ಬಸಾಕ ಹತ್ತೈತಿ ಅಷ್ಟ. ಹೆಣ ಇಟ್ಕೊಂಡು ಕುಂಡ್ರೂದ ಬ್ಯಾಡ. ಮನಿಗೆ ಒಯ್ಯೂಣು. ಹೊತ್ತು ಮುಳುಗೂದ್ರಾಗ ಮಣ್ಣು ಮಾಡೂಣು.”

ಹೊನ್ನೇಶ ಗೋಡೆ ಹಿಡಿದು ನಿಂತಿದ್ದಾನೆ. ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹೊರಗೆ ಬಂದು ಹೇಳುತ್ತಾರೆ: “ಹೃದಯ ಚೆನ್ನಾಗಿ ಬಡಿಯುತ್ತಿದೆ. ಈ ವಿಷ ಸ್ನಾಯುಗಳನ್ನು ಮಲಗಿಸುತ್ತದೆ. ಔಷಧ ಕೊಟ್ಟಿದ್ದೇವೆ. ಉಸಿರು ವಾಪಸು ಬರುವುದಕ್ಕೆ ದಿನಗಳು ಬೇಕು.” ಈಶಪ್ಪ ತಲೆ ಅಲ್ಲಾಡಿಸುತ್ತಾರೆ. ಅದು ಒಪ್ಪಿಗೆಯಲ್ಲ, ಓದಿದವರ ಎದುರು ಮಾತು ಬೇಡ ಎಂಬ ತಲೆ ಅಲ್ಲಾಡಿಸುವಿಕೆ. ಡಾಕ್ಟರು ಒಳಗೆ ಹೋದ ಕೂಡಲೇ ಅವರು ಗಾಡಿ ಗೊತ್ತು ಮಾಡಲು ಯಾರಿಗೋ ಫೋನು ಹಚ್ಚುತ್ತಾರೆ.

ಶಾಹಿಸ್ತಾರ ತಂಡದ ಎರಡನೆಯ ಸುತ್ತಿನ ಅಧ್ಯಯನ ಕಂಡುಕೊಂಡದ್ದು ಇದನ್ನೇ. ಕಟ್ಟಹಾವು ಕಡಿದವರಲ್ಲಿ ಕೆಲವರು ಊರಿನಲ್ಲಿ ಸತ್ತಿರಲಿಲ್ಲ, ದಾರಿಯಲ್ಲೂ ಸತ್ತಿರಲಿಲ್ಲ. ಆಸ್ಪತ್ರೆ ತಲುಪಿ, ಔಷಧ ಪಡೆದು, ಬದುಕುವ ದಾರಿಯಲ್ಲಿದ್ದಾಗ ಮನೆಯವರೇ ಸಹಿ ಹಾಕಿ ಬಿಡಿಸಿಕೊಂಡು ಹೋಗಿದ್ದರು. ಸತ್ತಂತೆ ಕಾಣುವ ಜೀವದ ಮುಂದೆ ಕೂರುವುದು ಅವರಿಂದ ಆಗಿರಲಿಲ್ಲ. ಊರಿಗೆ ಏನು ಹೇಳುವುದು ಎಂಬ ಭಯವೂ ಇತ್ತು. ಅಂದಿನಿಂದ ಮರ್ದಾನಸಾಬರ ಕೆಲಸ ಆಸ್ಪತ್ರೆಯ ಬಾಗಿಲಿಗೇ ಮುಗಿಯುವುದಿಲ್ಲ. ಅವರು ವಾರ್ಡಿನ ಹೊರಗಿನ ಪಡಸಾಲೆಯಲ್ಲಿ, ಮನೆಯವರ ಪಕ್ಕ ಕೂರುತ್ತಾರೆ.

ಈಗಲೂ ಈಶಪ್ಪನವರ ಪಕ್ಕ ನೆಲದ ಮೇಲೆ ಕೂತಿದ್ದಾರೆ. ವಾದ ಮಾಡುವುದಿಲ್ಲ.

“ಕಾಕಾ, ಒಯ್ಯಬ್ಯಾಡ್ರಿ ಅಂತ ನಾ ಅನ್ನೂದಿಲ್ಲ. ನಿಮ್ಮ ಸೊಸಿ. ಸಂಜಿ ತನಕ ತಡೀರಿ ಅಂತೀನಿ. ಸಂಜಿಗೆ ಎದಿ ಬಡಿಯೂದು ನಿಂತ್ರ ನಾನ ಗಾಡಿ ತರ್ತೀನಿ.”

“ಸಂಜಿಗೇನು ಬದಲ್ ಆಗ್ತೈತಿ?”

“ಏನೂ ಆಗದ ಇರಬಹುದು. ಆದ್ರ ಒಂದು ಮಾತು ತಿಳ್ಕೋರಿ. ಆಕಿಗೆ ಕೇಳಸ್ತೈತಿ. ಕಣ್ಣು ತೆರ್ಯಾಕ ಬರೂದಿಲ್ಲ, ಕೈ ಎತ್ತಾಕ ಬರೂದಿಲ್ಲ, ಕಿವಿ ಕೇಳಸ್ತೈತಿ. ಹಿಂದ ಬದುಕಿದವರು ನನಗ ಹೇಳ್ಯಾರ. ಒಳಗ ಹೋದಾಗ ಏನರ ಧೈರ್ಯದ ಮಾತು ಆಡ್ರಿ.”

ಈಶಪ್ಪನವರ ಫೋನು ಬಡಿದುಕೊಳ್ಳುತ್ತದೆ. ಊರಿನಿಂದ, ಹೆಣ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದಾರೆ. ಅವರು “ಸಂಜಿಗೆ ಹೇಳ್ತೀನಿ,” ಎಂದು ಇಡುತ್ತಾರೆ.

ಸಂಜೆ ಆಗುತ್ತದೆ. ಚನ್ನಮ್ಮ ಹಾಗೇ ಇದ್ದಾಳೆ. ಮರ್ದಾನಸಾಬ “ಬೆಳಗ ಆಗ್ಲಿ,” ಎನ್ನುತ್ತಾರೆ. ಇದು ಅವರು ಅನುಭವದಿಂದ ಕಂಡುಕೊಂಡ ರೀತಿ. ನಾಲ್ಕು ದಿನ ಕಾಯಿರಿ ಎಂದರೆ ಯಾರೂ ಕಾಯುವುದಿಲ್ಲ; ಸಂಜೆಯವರೆಗೆ, ಬೆಳಗಿನವರೆಗೆ, ಮತ್ತೆ ಸಂಜೆಯವರೆಗೆ ಎಂದರೆ ಕಾಯುತ್ತಾರೆ. ಮರುದಿನ ಬೆಳಿಗ್ಗೆಯೂ ಏನೂ ಆಗುವುದಿಲ್ಲ. ಈಶಪ್ಪನವರ ಸಿಟ್ಟು ಮತ್ತೆ ಕೆರಳುತ್ತದೆ, “ನಿನ್ನ ಮಾತು ಕೇಳಿ ಊರಾಗ ಮುಖ ಇಲ್ಲದಂಗ ಆತು,” ಎನ್ನುತ್ತಾರೆ. ಮರ್ದಾನಸಾಬ ತಲೆ ತಗ್ಗಿಸಿ ಕೂರುತ್ತಾರೆ, ಎದ್ದು ಹೋಗುವುದಿಲ್ಲ. ನನಗೆ ಮಾತ್ರ ಕೇಳುವ ಹಾಗೆ, “ಒಮ್ಮೊಮ್ಮಿ ನನಗೂ ಹೆದರಿಕಿ ಬರ್ತೈತ್ರಿ. ಬದುಕ್ತಾಳ ಅಂತ ನಾ ಹೆಂಗ ಹೇಳ್ಲಿ? ತಡೀರಿ ಅನ್ನೂದಷ್ಟ ನನ್ನ ಕೈಯಾಗ ಐತಿ,” ಎನ್ನುತ್ತಾರೆ.

ಮೂರನೆಯ ದಿನ ಮಧ್ಯಾಹ್ನ ಹೊನ್ನೇಶ ಒಳಗಿನಿಂದ ಓಡಿ ಬರುತ್ತಾನೆ. ತನ್ನ ಬಲಗೈಯ ಕಿರುಬೆರಳನ್ನು ಎತ್ತಿ ಅಲ್ಲಾಡಿಸಿ ತೋರಿಸುತ್ತಾನೆ. ಆಮೇಲೆ ನೆಲದ ಮೇಲೆ ಕೂತು ಅಳುತ್ತಾನೆ.

ಯಂತ್ರ ಬಿಡಿಸಲು ಇನ್ನೂ ಕೆಲವು ದಿನ ಹಿಡಿದವು. ಚನ್ನಮ್ಮ ಮಾತಾಡುವಂತಾದಾಗ ಹಾಸಿಗೆಯ ಪಕ್ಕ ಎಲ್ಲರೂ ಇದ್ದೆವು. ದನಿ ಒಡೆದಿತ್ತು.

“ಎಲ್ಲಾ ಕೇಳ್ತಿತ್ರಿ,” ಎಂದಳು ಮರ್ದಾನಸಾಬರಿಗೆ. “ಗಾಡ್ಯಾಗ ನಿಮ್ಮ ಮಂತ್ರ ಕೇಳ್ತಿತ್ತು. ಒಳಗ ಬಂದು ಮಾವಾರು, ಮನಿಗೆ ಒಯ್ಯೂಣು ಅಂತ ನಮ್ಮ ಮನಿಯವರಿಗೆ ಅಂದಿದ್ದೂ ಕೇಳ್ತು. ಬ್ಯಾಡ್ರಿ ಅನ್ನಾಕ ಬಾಯಿ ಬರ್ಲಿಲ್ಲ.”

ಈಶಪ್ಪ ಮಂಚದ ಕಾಲ ಬಳಿ ನಿಂತಿದ್ದರು. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದರು. ಸೊಸೆ ಎದುರು ರುಮಾಲು ತೆಗೆಯುವವರಲ್ಲ ಅವರು. “ತಪ್ಪಾತವ್ವಾ,” ಎಂದು ಹೇಳಿ ಹೊರಗೆ ಹೋದರು.

ನಾನು ಹೊರಗೆ ಬಂದಾಗ ಅವರು ಪಡಸಾಲೆಯ ಇನ್ನೊಂದು ತುದಿಯಲ್ಲಿದ್ದರು. ಲಕ್ಷ್ಮೇಶ್ವರದ ಕಡೆಯ ಮೋತಿಬಿ ಎಂಬ ಮುದುಕಿ ಅಲ್ಲಿ ಕೂತಿದ್ದಳು. ಆಕೆಯ ಮಗನಿಗೂ ಅದೇ ಹಾವು ಕಡಿದು ಒಳಗೆ ಯಂತ್ರದಲ್ಲಿದ್ದ, ನೆಂಟರು ಮನೆಗೆ ಒಯ್ಯುವ ಮಾತಾಡುತ್ತಿದ್ದರು. ಈಶಪ್ಪ ಅವರ ನಡುವೆ ಕೂತು ತಮ್ಮ ಸೊಸೆಯ ಕಥೆ ಹೇಳುತ್ತಿದ್ದರು, ತಾವು ಏನೆಂದಿದ್ದರು ಎಂಬುದನ್ನೂ ಬಿಡದೆ. ಮರ್ದಾನಸಾಬ ಸ್ವಲ್ಪ ದೂರದಲ್ಲಿ ನಿಂತು ಕೇಳುತ್ತಿದ್ದರು.

ಮರ್ದಾನಸಾಬರಿಗೆ ಸಂಬಳವಿಲ್ಲ, ಗುರುತಿನ ಚೀಟಿಯಿಲ್ಲ. ಯಾವ ಸಮಾರಂಭದಲ್ಲೂ ಶಾಲು ಹೊದಿಸಿಕೊಂಡಿಲ್ಲ. ಊರಿಗೆ ಹೊರಡುವಾಗ, ಪತ್ರಿಕೆಯಲ್ಲಿ ಏನಾದರೂ ಬರೆಯಬೇಕೇ, ನಿಮಗೇನು ಬೇಕು ಎಂದು ಕೇಳಿದೆ. ಅವರು ಪಡಸಾಲೆಯ ಕಡೆ ಕೈ ತೋರಿಸಿದರು. ಜನ ಗೋಡೆಗೆ ಒರಗಿ, ಚಪ್ಪಲಿ ತಲೆದಿಂಬು ಮಾಡಿಕೊಂಡು ನೆಲದ ಮೇಲಿದ್ದರು.

“ಇಲ್ಲಿ ಒಂದೆರಡು ಬೆಂಚು ಹಾಕಸ್ರಿ ಅಂತ ಬರೀರಿ. ನೆಲದ ಮ್ಯಾಲ ಕುಂತವರಿಗೆ ಎದ್ದು ಹೋಗಾಕ ಜಲ್ದಿ ಮನಸ್ಸು ಬರ್ತೈತಿ. ಕುಂಡ್ರಾಕ ಜಾಗಾ ಸಿಕ್ರ ಇನ್ನೊಂದು ತಾಸು ತಡೀತಾರ. ನಮಗ ಅಷ್ಟ ಸಾಕು.”